ನಮ್ಮ ಊರಿನ ಕನ್ನಡ ಹೈಸ್ಕೂಲು: ನಿನ್ನೆ, ಇಂದು, ನಾಳೆ



ಏಪ್ರಿಲ್, ಮೇ ತಿಂಗಳಲ್ಲಿ ಮನೆಭೇಟಿಗೆ ಹೋದಲ್ಲೆಲ್ಲ ಹೆತ್ತವರು ನಮ್ಮ ಮುಂದಿಡುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಫಾದರ್, ಮಗಳು ಏಳನೇ ಮುಗಿಸಿದಳು. ಎಂಟನೆಗೆ ಎಲ್ಲಿಗೆ ಹಾಕುವುದು?" ಊರಿನ ಕನ್ನಡ ಹೈಸ್ಕೂಲಿಗೋ, ಅದೇ ಶಾಲೆಯ ಇಂಗ್ಲಿಷ್ ಡಿವಿಜನ್ನಿಗೋ, ಹಳದಿ ಬಸ್ಸು ಕಳುಹಿಸುವ ಖಾಸಗಿ ಶಾಲೆಗೋ, ಅಥವಾ ಗಡಿ ದಾಟಿ ಮಂಗಳೂರಿನ ಹಾಸ್ಟೆಲಿಗೋ? ಕೇಳುವವರ ಮುಖದಲ್ಲಿ ಮಗುವಿನ ಭವಿಷ್ಯದ ಚಿಂತೆ ಇರುತ್ತದೆ. ಆದ್ದರಿಂದ ಎರಡು ಮಾತಿನಲ್ಲಿ ಉತ್ತರ ಹೇಳಿ ಎದ್ದು ಬರುವ ವಿಷಯವಲ್ಲ ಇದು.

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ನಮ್ಮ ಊರಿನ ಹೈಸ್ಕೂಲು ಎಲ್ಲಿಂದ ಬಂತು, ಇಂದು ಅಲ್ಲಿ ಏನಿದೆ, ಏನಿಲ್ಲ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಕಾಸರಗೋಡಿನ ಸರಕಾರಿ ಮತ್ತು ಅನುದಾನಿತ ಕನ್ನಡ ಹೈಸ್ಕೂಲುಗಳ ಬಗ್ಗೆ ನಮಗೆ ತಿಳಿದ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ಇಡುತ್ತಿದ್ದೇವೆ. ಓದಿ, ಮನೆಯಲ್ಲಿ ಕುಳಿತು ಮಾತಾಡಿ, ಆಮೇಲೆ ತೀರ್ಮಾನ ಮಾಡಿ.

ಐಗಳ ಮಠದಿಂದ ಹೈಸ್ಕೂಲಿನ ತನಕ

ನಮ್ಮ ಅಜ್ಜಂದಿರ ಕಾಲದಲ್ಲಿ ಊರಲ್ಲಿ ಇದ್ದದ್ದು ಐಗಳ ಮಠ. ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳೂರಿ ಅಕ್ಷರ ತಿದ್ದುವುದು, ಮಗ್ಗಿ ಬಾಯಿಪಾಠ ಮಾಡುವುದು, ಲೆಕ್ಕ ಕಲಿಯುವುದು. ಅಷ್ಟಾದರೆ ಓದು ಮುಗಿಯಿತು. ಇಂದಿನ ಅರ್ಥದ ಶಾಲೆ ಕರಾವಳಿಗೆ ಬಂದದ್ದು ನಿಧಾನವಾಗಿ. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಿಳಿದರು. ಅವರು ಶಾಲೆ ತೆರೆದರು, ಅಚ್ಚುಕೂಟ ಇಟ್ಟರು. 1843ರಲ್ಲಿ ಅಲ್ಲಿಂದಲೇ ಕನ್ನಡದ ಮೊದಲ ಪತ್ರಿಕೆ ಹೊರಟಿತು. ಕಾಸರಗೋಡು ಪೇಟೆಯ ಬಿ.ಇ.ಎಂ. ಹೈಸ್ಕೂಲಿನ ಹೆಸರಿನಲ್ಲಿ ಇಂದಿಗೂ ಉಳಿದಿರುವುದು ಆ ಬಾಸೆಲ್ ಮಿಷನ್ನೇ. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿತು. ಅಲ್ಲಿಂದ ಮುಂದೆ ನಮ್ಮ ಕಡೆಯ ಅನುಕೂಲಸ್ಥರ ಮಕ್ಕಳು ರೈಲು ಹತ್ತಿ ಮಂಗಳೂರಿಗೆ ಓದಲು ಹೋಗುವುದು ರೂಢಿಯಾಯಿತು. ಅನುಕೂಲ ಇಲ್ಲದವರ ಮಕ್ಕಳು ಮಾತ್ರ ಐದನೆಗೋ ಏಳನೆಗೋ ಶಾಲೆ ಬಿಟ್ಟು ಗದ್ದೆಗೆ ಇಳಿದರು.

ಈ ಪರಿಸ್ಥಿತಿಯನ್ನು ಬದಲಾಯಿಸಿದವರು ಊರಿನವರೇ. ಆಗ ಕಾಸರಗೋಡು ತಾಲೂಕು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಜಿಲ್ಲಾ ಬೋರ್ಡಿನವರು ನಡೆಸುತ್ತಿದ್ದ ಶಾಲೆಗಳನ್ನು ಜನ ಬೋರ್ಡ್ ಶಾಲೆ ಎನ್ನುತ್ತಿದ್ದರು. ಬೋರ್ಡಿನ ಕೈ ತಲುಪದ ಹಳ್ಳಿಗಳಲ್ಲಿ ಜಮೀನುದಾರರು, ದೇವಸ್ಥಾನದವರು, ಮಠದವರು, ಚರ್ಚಿನವರು, ಮಸೀದಿಯವರು ತಾವೇ ಜಾಗ ಕೊಟ್ಟರು, ಮುಳಿಹುಲ್ಲಿನ ಮಾಡು ಹಾಕಿದರು, ಮಾಸ್ತರರನ್ನು ಕರೆತಂದು ತಮ್ಮ ಮನೆಯಲ್ಲೇ ಊಟ ಹಾಕಿದರು. ನೀರ್ಚಾಲಿನ ಮಹಾಜನ ಶಾಲೆ ಮೊದಲಿಗೆ ಸಂಸ್ಕೃತ ಪಾಠಶಾಲೆಯಾಗಿತ್ತು. ಮಂಜೇಶ್ವರದ ಎಸ್.ಎ.ಟಿ. ಹೈಸ್ಕೂಲು ಅನಂತೇಶ್ವರ ದೇವಸ್ಥಾನದ ಹೆಸರು ಹೊತ್ತಿದೆ. ಅಗಲ್ಪಾಡಿ, ಧರ್ಮತ್ತಡ್ಕ, ಪೆರ್ಲ, ಶೇಣಿ, ಕಾಟುಕುಕ್ಕೆ ಮೊದಲಾದ ಕಡೆಯ ಶಾಲೆಗಳ ಹೆಸರುಗಳನ್ನು ಗಮನಿಸಿ. ಹೆಚ್ಚಿನವು ದೇವರ ಹೆಸರುಗಳೇ. ಆದರೆ ಅಲ್ಲಿನ ಬೆಂಚುಗಳಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳೂ ಒಟ್ಟಿಗೆ ಕುಳಿತರು. ನಮ್ಮ ಸಭೆಯ ಹಿರಿಯರಲ್ಲಿ ಅನೇಕರು ಅಲ್ಲೇ ಅಕ್ಷರ ಕಲಿತವರು. ಅವರಲ್ಲಿ ಕೆಲವರು ಈಗಲೂ ಹತ್ತನೇ ತರಗತಿ ಎನ್ನುವುದಿಲ್ಲ, ಮದ್ರಾಸು ಕಾಲದ ಲೆಕ್ಕದಲ್ಲಿ 'ಸಿಕ್ಸ್ತ್ ಫಾರಂ' ಎನ್ನುತ್ತಾರೆ.

ಗಡಿ ಸರಿದ ವರ್ಷ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಊರಿನವರು ಒಪ್ಪಲಿಲ್ಲ. 1957ರಲ್ಲಿ ನಡೆದ ಕೇರಳದ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಆಗಿನ ಜನರ ಮನಸ್ಸು ಎತ್ತ ಇತ್ತು ಎಂಬುದಕ್ಕೆ ಅದೊಂದು ಸಾಕ್ಷಿ. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಜಾರಿಗೆ ಬರಲಿಲ್ಲ. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು.

ರಾಜಕೀಯದ ಆ ಹಳೆಯ ಪುಟಗಳನ್ನು ಮತ್ತೆ ತೆರೆದು ಜಗಳ ಕಾಯುವುದು ನಮ್ಮ ಉದ್ದೇಶವಲ್ಲ. ಆದರೆ ಆ ದಿನದಿಂದ ನಮ್ಮ ಶಾಲೆಗಳ ಸ್ಥಾನ ಬದಲಾಯಿತೆಂಬುದನ್ನು ಮರೆಯುವಂತಿಲ್ಲ. ಹಿಂದಿನ ದಿನದ ತನಕ ಅವು ಸುತ್ತಲಿನ ಎಲ್ಲ ಶಾಲೆಗಳಂತೆ ಬರೇ ಶಾಲೆಗಳಾಗಿದ್ದವು. ಮರುದಿನದಿಂದ ಅಲ್ಪಸಂಖ್ಯಾತ ಭಾಷೆಯ ಶಾಲೆಗಳಾದವು.

ಇದಕ್ಕೆ ಸಂವಿಧಾನದಲ್ಲಿ ರಕ್ಷಣೆ ಇದೆ. 1956ರಲ್ಲೇ ಏಳನೇ ತಿದ್ದುಪಡಿಯ ಮೂಲಕ ಸೇರಿಸಿದ 350 ಎ ವಿಧಿಯ ಪ್ರಕಾರ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ರಾಜ್ಯಗಳು ಸಾಕಷ್ಟು ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕು. ಹೈಸ್ಕೂಲಿನ ಬಗ್ಗೆ ಆ ವಿಧಿ ಏನೂ ಹೇಳುವುದಿಲ್ಲ. ಆ ಕೊರತೆಯನ್ನು ತುಂಬಿದ್ದು ರಾಜ್ಯಗಳು ತಮ್ಮೊಳಗೆ ಒಪ್ಪಿಕೊಂಡ ಸಂರಕ್ಷಣಾ ಸೂತ್ರಗಳು. 1961ರಲ್ಲಿ ಮುಖ್ಯಮಂತ್ರಿಗಳ ಸಮ್ಮೇಳನ ಅವುಗಳಿಗೆ ಒಪ್ಪಿಗೆ ಕೊಟ್ಟಿತು. ಅದರಂತೆ ಪ್ರಾಥಮಿಕ ಶಾಲೆಯಲ್ಲಿ ಆ ಭಾಷೆಯ ಮಕ್ಕಳು ಒಟ್ಟು 40 ಅಥವಾ ಒಂದು ತರಗತಿಯಲ್ಲಿ 10 ಇದ್ದರೆ ಸಾಕು. ಪ್ರೌಢ ಹಂತದಲ್ಲಿ ಕೊನೆಯ ನಾಲ್ಕು ತರಗತಿಗಳಲ್ಲಿ ಒಟ್ಟು 60, ಪ್ರತಿ ತರಗತಿಯಲ್ಲಿ 15 ಮಕ್ಕಳಿರಬೇಕು. ಈ 15 ಎಂಬ ಸಂಖ್ಯೆಯನ್ನು ದಯವಿಟ್ಟು ನೆನಪಿಡಿ. ಲೇಖನದ ಕೊನೆಯಲ್ಲಿ ಅದರ ಬಗ್ಗೆ ಮತ್ತೆ ಮಾತಾಡಲಿಕ್ಕಿದೆ.

ಊರಿನ ಖಾಸಗಿ ಶಾಲೆಗಳು ಬದುಕಿ ಉಳಿಯಲು ಇನ್ನೊಂದು ಕಾರಣ ಕೇರಳದ ಶಿಕ್ಷಣ ಕಾನೂನು. ಜೋಸೆಫ್ ಮುಂಡಶ್ಶೇರಿ ಶಿಕ್ಷಣ ಮಂತ್ರಿಯಾಗಿದ್ದಾಗ 1957ರಲ್ಲಿ ತಂದ ಮಸೂದೆ ರಾಜ್ಯದಾದ್ಯಂತ ದೊಡ್ಡ ವಿವಾದವೆಬ್ಬಿಸಿತು. ನಮ್ಮ ಧರ್ಮಸಭೆಯೂ ಅದನ್ನು ಬಲವಾಗಿ ವಿರೋಧಿಸಿತ್ತು. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಗಿ, 1958ರಲ್ಲಿ ಕೋರ್ಟು ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ತನ್ನ ಅಭಿಪ್ರಾಯ ತಿಳಿಸಿತು. ಕೊನೆಗೆ ನೆಲೆನಿಂತ ವ್ಯವಸ್ಥೆ ಹೀಗಿದೆ: ಏಡೆಡ್ ಶಾಲೆಯ ಕಟ್ಟಡ, ಜಾಗ ಮೆನೇಜರರದ್ದು, ಶಿಕ್ಷಕರ ಸಂಬಳ ಸರಕಾರದ್ದು, ಪಾಠಪಟ್ಟಿ, ಪರೀಕ್ಷೆ ಎಲ್ಲ ಸರಕಾರಿ ಶಾಲೆಯದ್ದೇ. ಹತ್ತನೆಯ ತನಕ ಮಕ್ಕಳಿಂದ ಫೀಸು ಇಲ್ಲ. ಹಾಗಾಗಿ ಸರಕಾರಿ, ಏಡೆಡ್ ಎರಡನ್ನೂ ನಾವು ಇಲ್ಲಿ ಸಾರ್ವಜನಿಕ ಶಾಲೆಗಳೆಂದೇ ಕರೆಯುತ್ತೇವೆ.

ಆ ಶಾಲೆಗಳಲ್ಲಿ ಕಲಿಸಿದವರು

ಶಾಲೆಯೆಂದರೆ ಗೋಡೆ, ಮಾಡು ಮಾತ್ರವಲ್ಲ. ಬದಿಯಡ್ಕ ಸಮೀಪ ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು ಕವಿ ಕಯ್ಯಾರ ಕಿಞ್ಞಣ್ಣ ರೈ. 1915ರಲ್ಲಿ ಹುಟ್ಟಿದ ಅವರು ನೂರು ವರ್ಷ ತುಂಬಿದ ಮೇಲೆ, 2015ರ ಆಗಸ್ಟಿನಲ್ಲಿ ತೀರಿಕೊಂಡರು. ಸ್ವಾತಂತ್ರ್ಯ ಹೋರಾಟ, ಕೃಷಿ, ಕವಿತೆ, ಪಂಚಾಯತು ಎಂದು ಎಷ್ಟೋ ಕೆಲಸ ಮಾಡಿದರೂ ಅವರು ಕೊನೆಯವರೆಗೂ ಮಾಸ್ತರರೇ ಆಗಿದ್ದರು. 1969ರಲ್ಲಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದೂ ಅಧ್ಯಾಪಕರೆಂದೇ. 1997ರಲ್ಲಿ ಮಂಗಳೂರಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳಿತವರು ಈ ಹಳ್ಳಿ ಶಾಲೆಯ ಮೇಷ್ಟ್ರು.

ಮಂಜೇಶ್ವರದ ಗೋವಿಂದ ಪೈಯವರು ಯಾವ ಹೈಸ್ಕೂಲಿನಲ್ಲೂ ಕಲಿಸಿದವರಲ್ಲ. ಆದರೂ ಅವರನ್ನು ಇಲ್ಲಿ ನೆನೆಯಬೇಕು. ಯೇಸು ಸ್ವಾಮಿಯ ಯಾತನೆಯ ಕೊನೆಯ ದಿನವನ್ನು 'ಗೊಲ್ಗೊಥಾ' ಎಂಬ ಕನ್ನಡ ಕಾವ್ಯವಾಗಿಸಿದವರು ಅವರು. ಕ್ರೈಸ್ತರಲ್ಲದ ಒಬ್ಬ ಕವಿ, ಮಂಜೇಶ್ವರದ ತಮ್ಮ ಮನೆಯಲ್ಲಿ ಕುಳಿತು, ಕನ್ನಡದಲ್ಲಿ ಶಿಲುಬೆಯ ಹಾದಿಯನ್ನು ಬರೆದರು. 1949ರಲ್ಲಿ ಮದ್ರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದನ್ನು ಕೊಟ್ಟಿತು. ನಮ್ಮ ಮಕ್ಕಳು ಕನ್ನಡ ಓದಲು ಕಲಿಯದಿದ್ದರೆ ನಷ್ಟ ಯಾರಿಗೆ ಎಂಬುದನ್ನು ತಪಸ್ಸುಕಾಲದಲ್ಲಾದರೂ ಯೋಚಿಸಬಹುದು.

ಇಂದು ಶಾಲೆಯಲ್ಲಿ ಏನೇನಿದೆ?

"ಸರಕಾರಿ ಶಾಲೆಯಲ್ಲಿ ಏನುಂಟು ಫಾದರ್?" ಎಂದು ಕೇಳುವವರು ತಾವು ಓದಿದ ಕಾಲದ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಾರೆ. ಆ ಶಾಲೆ ಈಗ ಇಲ್ಲ. ಕಳೆದ ಕೆಲವು ವರ್ಷಗಳಲ್ಲಿ ಆದ ಬದಲಾವಣೆಗಳು ಇಲ್ಲಿವೆ.

ಕಟ್ಟಡ: 2017ರ ಜನವರಿಯಲ್ಲಿ ಕೇರಳ ಸರಕಾರ ಸಾರ್ವಜನಿಕ ಶಿಕ್ಷಣ ಸಂರಕ್ಷಣಾ ಯಜ್ಞವನ್ನು ಆರಂಭಿಸಿತು. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಒಂದು ಶಾಲೆಗೆ 5 ಕೋಟಿ ರೂಪಾಯಿ, ಉಳಿದ ಅನೇಕ ಶಾಲೆಗಳಿಗೆ 3 ಕೋಟಿ ಮತ್ತು 1 ಕೋಟಿ ಎಂದು ಹಣ ಗೊತ್ತುಮಾಡಿತು. ಹಿಂದುಳಿದ ನಮ್ಮ ಜಿಲ್ಲೆಗೆ ಏನು ಬೇಕೆಂದು ತಿಳಿಯಲು ನೇಮಿಸಿದ್ದ ಪ್ರಭಾಕರನ್ ಆಯೋಗ 2012ರಲ್ಲಿ ವರದಿ ಕೊಟ್ಟಿತ್ತು. ಅದರ ಫಲವಾಗಿ ಬಂದ ಕಾಸರಗೋಡು ಅಭಿವೃದ್ಧಿ ಪ್ಯಾಕೇಜಿನಿಂದಲೂ ಶಾಲೆಗಳಿಗೆ ಕಟ್ಟಡಗಳು ಬಂದವು.

ಕಂಪ್ಯೂಟರು: ಇದರಲ್ಲಿ ಕೇರಳದ ಸಾರ್ವಜನಿಕ ಶಾಲೆಗಳು ಹಿಂದೆ ಬಿದ್ದಿಲ್ಲ. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯೇ ಮುಂದೆ ಕೈಟ್ ಎಂಬ ಸಂಸ್ಥೆಯಾಯಿತು. 2018ರಿಂದ ರಾಜ್ಯದ 4,752 ಸರಕಾರಿ, ಏಡೆಡ್ ಶಾಲೆಗಳ 45,000 ತರಗತಿಗಳನ್ನು ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಇರುವ ಹೈಟೆಕ್ ತರಗತಿಗಳನ್ನಾಗಿ ಮಾಡಲು ಹೊರಟಿತು. ಈ ಯಂತ್ರಗಳಲ್ಲಿ ಓಡುವುದು ಹಣ ಕೊಟ್ಟು ಕೊಳ್ಳಬೇಕಾಗಿಲ್ಲದ ಮುಕ್ತ ತಂತ್ರಾಂಶ. ಎಂಟರಿಂದ ಹತ್ತರ ತನಕದ ಆಸಕ್ತ ಮಕ್ಕಳಿಗೆ 'ಲಿಟಲ್ ಕೈಟ್ಸ್' ಎಂಬ ಕ್ಲಬ್ಬು ಇದೆ. ಅಲ್ಲಿ ಅನಿಮೇಶನ್, ಪ್ರೋಗ್ರಾಮಿಂಗ್, ಕನ್ನಡ ಟೈಪಿಂಗ್ ಕಲಿಯಬಹುದು. ಎಸ್ಸೆಸ್ಸೆಲ್ಸಿಯಲ್ಲಿ ಐಟಿ ಒಂದು ಪರೀಕ್ಷಾ ವಿಷಯವೇ ಆಗಿದೆ.

ಪುಸ್ತಕ ಮತ್ತು ಪರೀಕ್ಷೆ: ರಾಜ್ಯದ ಎಸ್‌ಸಿಇಆರ್‌ಟಿ ಪಠ್ಯಪುಸ್ತಕಗಳನ್ನು ಮಲಯಾಳ, ಇಂಗ್ಲಿಷ್, ತಮಿಳು, ಕನ್ನಡ ಎಂಬ ನಾಲ್ಕು ಭಾಷೆಗಳಲ್ಲಿ ಹೊರತರುತ್ತದೆ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲಿದೆ. ಎಂಟನೆಯ ತನಕ ಪುಸ್ತಕ ಉಚಿತ. 2024 ಮತ್ತು 2025ರಲ್ಲಿ ಎರಡು ಕಂತಿನಲ್ಲಿ ಒಂದರಿಂದ ಹತ್ತರ ತನಕ ಎಲ್ಲ ಪುಸ್ತಕಗಳೂ ಹೊಸದಾದವು. ಅಕ್ಕನ ಹಳೆಯ ಪುಸ್ತಕ ತಂಗಿಗೆ ಆಗುತ್ತದೆಂದು ಕಾದು ಕೂರಬೇಡಿ.

ಊಟ ಮತ್ತು ವಿದ್ಯಾರ್ಥಿವೇತನ: ಎಂಟನೆಯ ತನಕ ಮಧ್ಯಾಹ್ನ ಬಿಸಿಯೂಟ ಇದೆ. ಎಂಟನೆಯಲ್ಲಿ ಎನ್.ಎಂ.ಎಂ.ಎಸ್. ಎಂಬ ಪರೀಕ್ಷೆ ನಡೆಯುತ್ತದೆ. ಅದರಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಪ್ಲಸ್ ಟುವಿನ ತನಕ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಇದನ್ನು ಬರೆಯಲು ಅವಕಾಶ ಸರಕಾರಿ, ಏಡೆಡ್ ಶಾಲೆಯ ಮಕ್ಕಳಿಗೆ ಮಾತ್ರ. ಕುಟುಂಬದ ಆದಾಯದ ಮಿತಿಯೂ ಇದೆ. ನಮ್ಮ ಎಷ್ಟೋ ಮನೆಗಳಿಗೆ ಈ ಪರೀಕ್ಷೆಯ ಹೆಸರೇ ಗೊತ್ತಿಲ್ಲ ಎಂಬುದು ಬೇಸರದ ಸಂಗತಿ.

ಪಾಠದ ಹೊರಗೆ: ಸ್ಕೌಟ್, ಗೈಡ್, ಎನ್‌ಸಿಸಿ, ಜೂನಿಯರ್ ರೆಡ್‌ಕ್ರಾಸ್, 2010ರಲ್ಲಿ ಆರಂಭವಾದ ಸ್ಟುಡೆಂಟ್ ಪೊಲೀಸ್ ಕೆಡೆಟ್ ಮುಂತಾದವು ಅನೇಕ ಶಾಲೆಗಳಲ್ಲಿವೆ. 1957ರಿಂದ ನಡೆಯುತ್ತ ಬಂದ ಶಾಲಾ ಕಲೋತ್ಸವದಲ್ಲಿ ಕನ್ನಡ ಭಾಷಣ, ಕನ್ನಡ ಕವಿತಾ ವಾಚನಕ್ಕೆ ಸ್ಪರ್ಧೆಗಳಿವೆ. ಯಕ್ಷಗಾನಕ್ಕೂ ಸ್ಪರ್ಧೆಯಿದೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯ ಆಟವನ್ನು ತಿರುವನಂತಪುರದ ಮಕ್ಕಳೂ ನೋಡುವಂತಾದದ್ದು ಈ ಕಲೋತ್ಸವದಿಂದ. 2019ರ ನವೆಂಬರ್ ಕೊನೆಯಲ್ಲಿ ಅರವತ್ತನೆಯ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲೇ ನಡೆಯಿತು.

ಹತ್ತಿರದಲ್ಲಿರುವುದೂ ಒಂದು ಸೌಲಭ್ಯ: 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಕರ್ನಾಟಕ ತಲಪಾಡಿಯ ಗಡಿಯನ್ನು ಮುಚ್ಚಿತು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದವರ ಗತಿ ಏನಾಯಿತೆಂದು ನಾವೆಲ್ಲ ನೋಡಿದೆವು. ದಿನಾ ಗಡಿ ದಾಟಿ ಓದಲು ಹೋಗುತ್ತಿದ್ದ ಮಕ್ಕಳೂ ಮನೆಯಲ್ಲೇ ಉಳಿದರು. ಜೂನ್ 1ರಿಂದ ಕೇರಳದಲ್ಲಿ 'ಫಸ್ಟ್ ಬೆಲ್' ಎಂಬ ಆನ್‌ಲೈನ್ ತರಗತಿಗಳು ಆರಂಭವಾದವು. ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠಗಳು ತಯಾರಾದವು. ಅವುಗಳನ್ನು ತಯಾರಿಸಲು ದುಡಿದ ಕನ್ನಡ ಶಿಕ್ಷಕರ ಶ್ರಮವನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ.

ಕೊರತೆಗಳನ್ನೂ ಹೇಳಬೇಕು

ಒಳ್ಳೆಯದನ್ನು ಮಾತ್ರ ಹೇಳಿ ಸುಮ್ಮನಾದರೆ ಅದು ಜಾಹೀರಾತಾಗುತ್ತದೆ. ಕೊರತೆಗಳೂ ಇವೆ, ಸಣ್ಣವಲ್ಲ.

ಮೊದಲನೆಯದು ಶಿಕ್ಷಕರ ನೇಮಕ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಚೆನ್ನಾಗಿ ತಿಳಿಯದ ಶಿಕ್ಷಕರು ನೇಮಕವಾಗಿ ಬಂದ ಪ್ರಸಂಗಗಳು ನಡೆದಿವೆ. ಮಕ್ಕಳು, ಹೆತ್ತವರು ಶಾಲೆಯ ಗೇಟಿನ ಮುಂದೆ ಕುಳಿತು ಪ್ರತಿಭಟಿಸಿದ್ದಾರೆ. ಇದೇ ವಿಷಯವನ್ನಿಟ್ಟು 2018ರಲ್ಲಿ ರಿಷಬ್ ಶೆಟ್ಟಿಯವರು ಮಾಡಿದ 'ಸರಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ' ಚಿತ್ರ ನೋಡಿ ಕರ್ನಾಟಕದವರು ನಕ್ಕರು, ಅತ್ತರು. ಅದಕ್ಕೆ ಮಕ್ಕಳ ಚಿತ್ರಕ್ಕಾಗಿ ಇರುವ ರಾಷ್ಟ್ರಪ್ರಶಸ್ತಿಯೂ ಬಂತು. ತೆರೆಯ ಮೇಲೆ ಕಥೆ ಎರಡೂವರೆ ಗಂಟೆಯಲ್ಲಿ ಸುಖವಾಗಿ ಮುಗಿಯುತ್ತದೆ. ತರಗತಿಯಲ್ಲಿ ಹಾಗಲ್ಲ. ಲೆಕ್ಕದ ಪಾಠ ಒಂದು ವರ್ಷ ಅರ್ಥವಾಗದೆ ಹೋದರೆ ಮಗು ಅದರ ಪೆಟ್ಟನ್ನು ಮುಂದೆ ಬಹುಕಾಲ ತಿನ್ನುತ್ತದೆ. ದೂರದ ಊರಿನಿಂದ ಬಂದ ಆ ಶಿಕ್ಷಕರೂ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡವರೇ. ಅವರನ್ನು ಬೈದು ಪ್ರಯೋಜನವಿಲ್ಲ. ಸರಿಯಾಗಬೇಕಾದದ್ದು ನೇಮಕಾತಿಯ ನಿಯಮ.

ಎರಡನೆಯದು ಪ್ಲಸ್ ವನ್. ಹತ್ತನೆಯ ತನಕ ಕನ್ನಡದಲ್ಲಿ ಓದಿದ ಮಗು ಹೈಯರ್ ಸೆಕೆಂಡರಿಗೆ ಕಾಲಿಟ್ಟ ಕೂಡಲೇ ಫಿಸಿಕ್ಸ್, ಅಕೌಂಟೆನ್ಸಿ ಎಲ್ಲ ಇಂಗ್ಲಿಷಿನಲ್ಲಿ ಎದುರಾಗುತ್ತವೆ. ಮೊದಲ ಮೂರು ತಿಂಗಳು ಮಕ್ಕಳು ಕಂಗಾಲಾಗುತ್ತಾರೆ. ಕೆಲವರು ಅಲ್ಲಿಗೇ ಓದು ಬಿಡುತ್ತಾರೆ.

ಮೂರನೆಯದು ಪರೀಕ್ಷೆಯ ಫಲಿತಾಂಶ. 2025ರಲ್ಲಿ ಕೇರಳದ ಎಸ್ಸೆಸ್ಸೆಲ್ಸಿ ಉತ್ತೀರ್ಣತೆ ಶೇಕಡಾ 99.5. ಕೇಳಲು ಸಂತೋಷ. ಆದರೆ ಎಲ್ಲರೂ ಪಾಸಾಗುವಲ್ಲಿ ಪಾಸಾದದ್ದೇ ಕಲಿತದ್ದಕ್ಕೆ ಸಾಕ್ಷಿಯಾಗುವುದಿಲ್ಲ. ಅದನ್ನು ಸರಕಾರವೂ ಮನಗಂಡು, ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಕನಿಷ್ಠ ಶೇಕಡಾ 30 ಅಂಕ ಬೇಕೆಂಬ ನಿಯಮವನ್ನು 2024-25ರಲ್ಲಿ ಎಂಟನೆಯಿಂದ ಜಾರಿಗೆ ತರಲಾರಂಭಿಸಿತು. ಆದುದರಿಂದ ಮಕ್ಕಳ ಗ್ರೇಡಿನ ಜೊತೆಗೆ ಅವರ ಉತ್ತರಪತ್ರಿಕೆಯನ್ನೂ ಒಮ್ಮೆ ತಿರುವಿ ನೋಡಿ.

ಮಲಯಾಳ, ಇಂಗ್ಲಿಷ್, ಕನ್ನಡ

2017ರಲ್ಲಿ ಕೇರಳದ ಎಲ್ಲ ಶಾಲೆಗಳಲ್ಲಿ ಹತ್ತನೆಯ ತನಕ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. 2025ರಲ್ಲಿ ವಿಧಾನಸಭೆ ಮಲಯಾಳ ಭಾಷಾ ಮಸೂದೆಯನ್ನು ಅಂಗೀಕರಿಸಿದಾಗಲೂ ಅದೇ ಆತಂಕ ಮರುಕಳಿಸಿತು. ಈ ಆತಂಕಕ್ಕೆ ಅರ್ಥವಿದೆ. ಒಂದು ಭಾಷೆಯನ್ನು ಹೆಚ್ಚಿಗೆ ಕಲಿಸುವುದು ಬೇರೆ, ಇನ್ನೊಂದರ ಜಾಗದಲ್ಲಿ ಅದನ್ನು ಕೂರಿಸುವುದು ಬೇರೆ. ಮೊದಲನೆಯದು ಮಗುವಿಗೆ ಲಾಭ. ಎರಡನೆಯದರಿಂದ ಶಾಲೆಯ ಸ್ವರೂಪವೇ ಹೋಗುತ್ತದೆ.

ಆದರೆ ಮಲಯಾಳ ನಮಗೆ ಶತ್ರುವಲ್ಲ. ಗ್ರಾಮ ಕಚೇರಿ, ಪಂಚಾಯತು, ಆಸ್ಪತ್ರೆ, ಪಿಎಸ್‌ಸಿ ಪರೀಕ್ಷೆ ಎಲ್ಲೆಡೆಯೂ ಅದು ಬೇಕು. ಸಪ್ತಭಾಷಾ ಸಂಗಮಭೂಮಿ ಎಂದು ಹೆಸರಾದ ಮಣ್ಣು ನಮ್ಮದು. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ನಮ್ಮ ಮಕ್ಕಳು ದಿನಕ್ಕೆ ನಾಲ್ಕು ಭಾಷೆ ಆಡುತ್ತಾರೆ. ಅದು ಹೊರೆಯೆಂದು ಅವರು ಎಂದೂ ದೂರಿಲ್ಲ. ದೂರುವವರು ದೊಡ್ಡವರೇ.

ಇನ್ನು ಇಂಗ್ಲಿಷಿನ ಮಾತು. "ಕನ್ನಡದಲ್ಲಿ ಓದಿದರೆ ಇಂಗ್ಲಿಷ್ ಬರುವುದಿಲ್ಲ" ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಇಂಗ್ಲಿಷ್ ಬರಬೇಕಾದರೆ ಇಂಗ್ಲಿಷನ್ನು ಚೆನ್ನಾಗಿ ಕಲಿಸಬೇಕು. ಅರ್ಥವಾಗದ ಭಾಷೆಯಲ್ಲಿ ವಿಜ್ಞಾನವನ್ನು ಬಾಯಿಪಾಠ ಮಾಡಿಸಿದರೆ ವಿಜ್ಞಾನವೂ ಇಲ್ಲ, ಇಂಗ್ಲಿಷೂ ಇಲ್ಲ ಎಂದಾಗುತ್ತದೆ. ಕನ್ನಡದಲ್ಲಿ ಮುಂದೆ ಓದುವ ದಾರಿಯೂ ಮುಚ್ಚಿಲ್ಲ. ಮಾಯಿಪ್ಪಾಡಿಯ ಡಯಟ್‌ನಲ್ಲಿ ಶಿಕ್ಷಕ ತರಬೇತಿ ಇದೆ. 1957ರಲ್ಲಿ ಆರಂಭವಾದ ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವಿದೆ. ಮಂಜೇಶ್ವರದಲ್ಲಿ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜು ಇದೆ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆಂದು ಪ್ರತ್ಯೇಕ ಅರ್ಹತಾ ನಿಯಮವಿದೆ. ಅದರ ಷರತ್ತುಗಳನ್ನು ಆಯಾ ವರ್ಷದ ಕೈಪಿಡಿಯಲ್ಲಿ ಓದಿಯೇ ಅರ್ಜಿ ಹಾಕಿ. ಬೇರೆಯವರ ಬಾಯಿಮಾತು ನಂಬಬೇಡಿ.

ತಲೆ ಎಣಿಕೆಯ ದಿನ

ಈಗ ಮುಖ್ಯ ವಿಷಯಕ್ಕೆ ಬರೋಣ. ಕೇರಳದಲ್ಲಿ ಜೂನಿನಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಕೆ ನಡೆಯುತ್ತದೆ. ಆ ದಿನದ ಸಂಖ್ಯೆಯ ಮೇಲೆ ಆ ವರ್ಷ ಎಷ್ಟು ಡಿವಿಜನ್, ಎಷ್ಟು ಶಿಕ್ಷಕರ ಹುದ್ದೆ ಎಂಬುದು ನಿಗದಿಯಾಗುತ್ತದೆ. ಸಂಖ್ಯೆ ಇಳಿದರೆ ಹುದ್ದೆ ಹೋಗುತ್ತದೆ. ಹುದ್ದೆ ಹೋದರೆ ಪಾಠ ಸೊರಗುತ್ತದೆ. ಪಾಠ ಸೊರಗಿದರೆ ಮುಂದಿನ ವರ್ಷ ಇನ್ನೂ ನಾಲ್ಕು ಮಕ್ಕಳು ಬೇರೆ ಶಾಲೆಗೆ ಹೋಗುತ್ತಾರೆ. ಹೀಗೆ ಒಂದು ಕನ್ನಡ ಡಿವಿಜನ್ ಸದ್ದಿಲ್ಲದೆ ಮುಚ್ಚಿಹೋಗುತ್ತದೆ. ಯಾವ ಸರಕಾರವೂ ಅದನ್ನು ಮುಚ್ಚಿದ್ದಲ್ಲ, ಯಾವ ಕಾನೂನೂ ಅದನ್ನು ನಿಲ್ಲಿಸಿದ್ದಲ್ಲ. ಒಮ್ಮೆ ಮುಚ್ಚಿದ ಡಿವಿಜನನ್ನು ಮತ್ತೆ ತೆರೆಸುವುದು ಎಷ್ಟು ಕಷ್ಟವೆಂದು ಓಡಾಡಿದವರನ್ನು ಕೇಳಬೇಕು.

ನಾವು ಮೊದಲು ಹೇಳಿದ 15 ಎಂಬ ಸಂಖ್ಯೆಯನ್ನು ಈಗ ನೆನಪು ಮಾಡಿಕೊಳ್ಳಿ. ಒಂದು ತರಗತಿಗೆ 15 ಮಕ್ಕಳು. ನಮ್ಮ ಒಂದು ದೊಡ್ಡ ಧರ್ಮಕೇಂದ್ರದಲ್ಲಿ ಒಂದು ವರ್ಷ ದೃಢೀಕರಣ ಸಂಸ್ಕಾರ ಪಡೆಯುವ ಮಕ್ಕಳ ಸಂಖ್ಯೆ ಅದಕ್ಕಿಂತ ಹೆಚ್ಚಿರಬಹುದು. ಊರಿನ ಎಲ್ಲ ಸಮುದಾಯದವರು ಸೇರಿದರೆ ಈ ಸಂಖ್ಯೆ ಏನೂ ದೊಡ್ಡದಲ್ಲ. ಆದರೆ ಪ್ರತಿಯೊಬ್ಬರೂ "ನಮ್ಮ ಒಂದು ಮಗು ಹೋಗದಿದ್ದರೆ ಏನಾಯಿತು?" ಎಂದುಕೊಂಡರೆ ಹದಿನೈದು ಹದಿಮೂರಾಗಲು ಒಂದೇ ಜೂನ್ ಸಾಕು.

ಹಾಗೆಂದು ಶಾಲೆ ಉಳಿಸಲಿಕ್ಕಾಗಿ ಮಗುವನ್ನು ಬಲಿಕೊಡಿ ಎಂದು ನಾವು ಹೇಳುವುದಿಲ್ಲ. ಯಾವ ತಂದೆತಾಯಿಗೂ ಹಾಗೆ ಹೇಳುವ ಹಕ್ಕು ನಮಗಿಲ್ಲ. ಮಗುವಿನ ಹಿತವೇ ಮೊದಲು. ನಾವು ಕೇಳುವುದು ಇಷ್ಟೇ: ಶಾಲೆಯನ್ನು ಕಣ್ಣಾರೆ ನೋಡಿ ತೀರ್ಮಾನಿಸಿ, ನೆರೆಮನೆಯವರ ಬಸ್ಸಿನ ಬಣ್ಣ ನೋಡಿ ಅಲ್ಲ.

ಕುಟುಂಬಗಳಿಗೆ ಕೆಲವು ಸೂಚನೆಗಳು

1. ಸೇರಿಸುವ ಮೊದಲು ತಂದೆ, ತಾಯಿ ಇಬ್ಬರೂ ಮಗುವಿನ ಜೊತೆ ಶಾಲೆಗೆ ಹೋಗಿ. ಕಂಪ್ಯೂಟರ್ ಕೋಣೆ, ಪ್ರಯೋಗಾಲಯ, ವಾಚನಾಲಯ, ಹೆಣ್ಣುಮಕ್ಕಳ ಶೌಚಾಲಯ, ಕುಡಿಯುವ ನೀರು ಎಲ್ಲವನ್ನೂ ನೋಡಿ. ಪ್ರಯೋಗಾಲಯ ಇದೆಯೇ ಎಂದಲ್ಲ, ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಾರೆಯೇ ಎಂದು ಕೇಳಿ.

2. ಕನ್ನಡ ಮಾಧ್ಯಮದಲ್ಲಿ ಗಣಿತ, ವಿಜ್ಞಾನ, ಸಮಾಜ ಕಲಿಸುವ ಶಿಕ್ಷಕರು ಇದ್ದಾರೆಯೇ, ಹುದ್ದೆ ಖಾಲಿ ಇದೆಯೇ ಎಂದು ಮುಖ್ಯೋಪಾಧ್ಯಾಯರನ್ನು ವಿನಯದಿಂದ ವಿಚಾರಿಸಿ. ಖಾಲಿ ಇದ್ದರೆ ಪಿಟಿಎ ಮೂಲಕ ಬರವಣಿಗೆಯಲ್ಲಿ ಮನವಿ ಕೊಡಿ. 1969ರ ಕೇರಳ ಆಡಳಿತ ಭಾಷಾ ಕಾನೂನಿನ ಪ್ರಕಾರ ನಮ್ಮಂಥ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು. ಬರೆಯದೆ ಹೋದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

3. ಪಿಟಿಎ ಸಭೆಗೆ ತಾಯಂದಿರನ್ನು ಮಾತ್ರ ಕಳುಹಿಸಿ ತಂದೆಯಂದಿರು ಅಡಿಕೆ ತೋಟದಲ್ಲಿ ಉಳಿಯುವುದು ಸರಿಯಲ್ಲ. ವರ್ಷಕ್ಕೆ ಕೆಲವು ಗಂಟೆಗಳ ಮಾತು ಅದು.

4. ಎಸ್ಸೆಸ್ಸೆಲ್ಸಿ ಮುಗಿದು ಪ್ಲಸ್ ವನ್ ಆರಂಭವಾಗುವ ತನಕ ಸಿಗುವ ಬಿಡುವಿನಲ್ಲಿ ಮಕ್ಕಳಿಗೆ ವಿಜ್ಞಾನ, ಗಣಿತದ ಇಂಗ್ಲಿಷ್ ಪದಗಳನ್ನು ಪರಿಚಯಿಸುವ ಸಣ್ಣ ತರಗತಿಗಳನ್ನು ಚರ್ಚ್ ಹಾಲ್‌ನಲ್ಲಿ ನಡೆಸಬಹುದು. ನಿವೃತ್ತ ಶಿಕ್ಷಕರು ನಮ್ಮ ವಾಳೆಗಳಲ್ಲೇ ಇದ್ದಾರೆ. ಗುರಿಕಾರರು ಮನಸ್ಸು ಮಾಡಿದರೆ ಆಗದ ಕೆಲಸವಲ್ಲ. ಎಲ್ಲ ಧರ್ಮದ ಮಕ್ಕಳಿಗೂ ಆ ಬಾಗಿಲು ತೆರೆದಿರಲಿ.

5. ಗಲ್ಫಿನಲ್ಲಿ, ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ ನೆಲೆಸಿದ ಹಳೆ ವಿದ್ಯಾರ್ಥಿಗಳು ಊರ ಹಬ್ಬಕ್ಕೆ ಬಂದಾಗ ತಾವು ಓದಿದ ಶಾಲೆಗೆ ಒಮ್ಮೆ ಹೋಗಿ ಬನ್ನಿ. ವಾಚನಾಲಯಕ್ಕೆ ನಾಲ್ಕು ಕನ್ನಡ ಪುಸ್ತಕ ಕೊಟ್ಟರೂ ಅದು ದೊಡ್ಡ ಕಾಣಿಕೆ.

6. ಖಾಸಗಿ ಶಾಲೆಗೆ ಕಳುಹಿಸುವ ತೀರ್ಮಾನವನ್ನೇ ಮಾಡಿದರೆ, ಮನೆಯಲ್ಲಿ ಮಗುವಿಗೆ ಕನ್ನಡ ಓದಲು, ಬರೆಯಲು ಕಲಿಸಿ. ಪೂಜೆಯ ಪುಸ್ತಕ ಓದಲಾರದ, ಅಜ್ಜಿಯ ಪತ್ರ ಓದಲಾರದ ಮಗು ಬೇರೆ ಎಷ್ಟು ಕಲಿತರೂ ತನ್ನ ಮನೆಯಲ್ಲೇ ಪರಕೀಯವಾಗುತ್ತದೆ.

ನಮ್ಮ ಹಿರಿಯರು ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಮಣ್ಣು ಹೊತ್ತು, ಕಲ್ಲು ಹೊತ್ತು ಈ ಶಾಲೆಗಳನ್ನು ಕಟ್ಟಿದರು. ತಮ್ಮ ಮಕ್ಕಳು ತಮ್ಮಂತೆ ಹೆಬ್ಬೆಟ್ಟು ಒತ್ತಬಾರದು ಎಂಬುದೊಂದೇ ಅವರ ಆಸೆಯಾಗಿತ್ತು. ಇಂದು ಕಟ್ಟಡವಿದೆ, ಕಂಪ್ಯೂಟರಿದೆ, ಕನ್ನಡ ಪುಸ್ತಕವಿದೆ, ಕಾನೂನಿನ ಬಲವಿದೆ. ಬೆಂಚಿನ ಮೇಲೆ ಕೂರುವ ಮಗು ಒಂದೇ ನಮ್ಮ ಮನೆಗಳಿಂದ ಹೋಗಬೇಕಾದದ್ದು. ಬರುವ ಜೂನಿನ ಆರನೆಯ ದಿನ ಊರಿನ ಶಾಲೆಯಲ್ಲಿ ಹೆಸರು ಕರೆಯುವಾಗ "ಹಾಜರ್" ಎನ್ನುವ ದನಿಗಳು ಎಷ್ಟಿರುತ್ತವೆ ಎಂಬುದು ಈಗ, ಈ ತಿಂಗಳುಗಳಲ್ಲಿ, ನಮ್ಮ ಮನೆಗಳಲ್ಲೇ ತೀರ್ಮಾನವಾಗುತ್ತದೆ.